24 ವೋಲ್ಟ್ ಎಸ್‌ಎಂಪಿಎಸ್ (ಮೇನ್ ಕರೆಂಟನ್ನ ಡಿಸಿ ಮಾಡಿ ಕೊಡೋ ಪವರ್ ಸಪ್ಲೈ) ಬೆಳಗ್ಗೆ ಸ್ಟಾರ್ಟ್ ಆಗಲ್ಲ ಅಂದಿದ್ರಲ್ಲ

ಸರ್, ಬೆಳಗ್ಗೆ ಟಿಕ್ ಟಿಕ್ ಅಂತ ಎಲ್‌ಇಡಿ ಮಿಣುಕತ್ತೆ, ಬಿಸಿಗಾಳಿ ಬಿಟ್ರೆ ಆನ್ ಆಗತ್ತೆ ಅಂದ್ರಲ್ಲ, ಅಲ್ಲೇ ಉತ್ತರ ಇದೆ ನೋಡಿ. ಮೊದ್ಲು ಔಟ್‌ಪುಟ್ ವೈರ್ ಬಿಚ್ಚಿ ಆನ್ ಮಾಡಿ, ಆಗ ಸರಿಯಾಗಿ ಬಂದ್ರೆ ಅದು ಕರೆಂಟ್ ಕೊಡೋ ಪ್ಯಾನೆಲ್‌ನಲ್ಲೇ ಎಲ್ಲೋ ಶಾರ್ಟ್ ಇರಬಹುದು. ಆಗ್ಲೂ ಅದೇ ಕಥೆ ಅಂದ್ರೆ ಕಂಟ್ರೋಲ್ ಐಸಿ ಪಕ್ಕದ ಪುಟ್ಟ ಕೆಪಾಸಿಟರ್ ಮೇಲೇ ನನ್ನ ಅನುಮಾನ, ಆ ಐಸಿ ಯುಸಿ3842 ಆದ್ರೆ ಸುಮಾರು 16 ವೋಲ್ಟ್‌ಗೆ ಏಳತ್ತೆ, 10ಕ್ಕೆ ಇಳಿದ್ರೆ ಮಲಗತ್ತೆ, ಒಣಗಿದ ಕೆಪಾಸಿಟರ್ ತಣ್ಣಗಿದ್ದಾಗ ಐಸಿ ಏಳೋ ಹೊತ್ತಿಗೆ ವೋಲ್ಟೇಜನ್ನ 10ರ ಮೇಲೆ ಹಿಡಿದಿಡಲ್ಲ. ಮೇಲೆ ಉಬ್ಬಿಲ್ಲ ಅಂತ ನಂಬಬೇಡಿ, ನಾನೂ ಹಾಗೆ ನಂಬಿ ಸುಮ್ನೆ ಐಸಿ ಬದಲಾಯಿಸಿ ಅರ್ಧ ದಿನ ಕಳೆದಿದ್ದೀನಿ. 105 ಡಿಗ್ರಿ ತಡೆಯೋ, ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಮ್ಮಿ ಇರೋ) ಕೆಪಾಸಿಟರ್ ಹಾಕಿ. ಕೈ ಹಾಕೋ ಮುಂಚೆ ಮೇನ್ ಆಫ್ ಮಾಡಿ ದೊಡ್ಡ ಕೆಪಾಸಿಟರ್‌ನ ವೋಲ್ಟೇಜ್ ಅಳೀರಿ, 230ರ ಲೈನಲ್ಲಿ ಅದ್ರಲ್ಲಿ 325 ವೋಲ್ಟ್ ಡಿಸಿ ಕೂತಿರತ್ತೆ.