ನಗಿಸುವ ಪುಸ್ತಕ ಓದಿಸಿದರೆ ಮಗುವಿಗೆ ಡಾಕ್ಟರ ಭಯ ಹೋಗುತ್ತದೆಯೇ?

ನಿಮ್ಮ ಮೂರೂವರೆ ವರ್ಷದ ಮಗಳಿಗೆ ಮುಂದಿನ ವಾರ ಲಸಿಕೆ ಹಾಕಿಸಬೇಕು. ಡಾಕ್ಟರು ಅಂದರೆ ಸಾಕು, ರಚ್ಚೆ ಹಿಡಿಯುತ್ತಾಳೆ. ಅದಕ್ಕೇ ನಗೆಯ ಚಿತ್ರಪುಸ್ತಕವೊಂದನ್ನು ತಂದಿದ್ದೀರಿ. ಅದನ್ನು ಓದಿ ನಕ್ಕು, ಎಲ್ಲವೂ ಆಟ ಅಂದುಕೊಂಡು ಹೋದವಳಿಗೆ ಸೂಜಿ ಚುಚ್ಚಿದರೆ ‘ಅಪ್ಪ ಅಮ್ಮ ಮೋಸ ಮಾಡಿದರು’ ಅನಿಸುವುದಿಲ್ಲವೇ ಅಂತ ಕೇಳಿದ್ದೀರಿ.

ಅನಿಸಬಹುದು. ಅದು ಪುಸ್ತಕ ಎಂಥದ್ದು ಅನ್ನುವುದರ ಮೇಲಿದೆ. ಹಾಗಾಗಿ ಅವಳಿಗೆ ಓದುವ ಮೊದಲು ನೀವೊಬ್ಬರೇ ಕೂತು ಒಂದು ಸಲ ಓದಿ. ಅದು ಯಾರನ್ನು ನೋಡಿ ನಗಿಸುತ್ತಿದೆ, ಎಲ್ಲಿ ಸುಳ್ಳು ಹೇಳುತ್ತಿದೆ, ಈ ಎರಡನ್ನು ಗಮನಿಸಿ.

ನನ್ನ ಮಗನಿಗೆ ಮೂರು ವರ್ಷವಿದ್ದಾಗ ನಾನೂ ಇಂಥದ್ದೊಂದು ಪುಸ್ತಕ ತಂದಿದ್ದೆ. ಅದರಲ್ಲಿ ಒಂದು ಕರಡಿಮರಿ ಡಾಕ್ಟರನ್ನು ಕಂಡು ಮೇಜಿನ ಕೆಳಗೆ ಅಡಗುತ್ತದೆ. ಉಳಿದ ಪ್ರಾಣಿಗಳೆಲ್ಲ ‘ಪುಕ್ಕಲ, ಪುಕ್ಕಲ’ ಅಂತ ನಗುತ್ತವೆ. ನನಗೆ ತಮಾಷೆಯಾಗಿಯೇ ಕಂಡಿತ್ತು. ಮಗ ನಗಲಿಲ್ಲ. ಪುಸ್ತಕವನ್ನು ಮುಚ್ಚಿ ದಿಂಬಿನ ಕೆಳಗೆ ತಳ್ಳಿದ. ಆ ಕರಡಿಮರಿ ತಾನೇ ಅಂತ ಅವನಿಗೆ ಮೊದಲ ಪುಟದಲ್ಲೇ ಗೊತ್ತಾಗಿತ್ತು. ನನಗೆ ಹೊಳೆಯಲು ಎರಡು ದಿನ ಬೇಕಾಯಿತು.

ಆಮೇಲೆ ನಾನೇ ಒಂದು ಕಥೆ ಕಟ್ಟಿದೆ. ನಾಲ್ಕು ಹಾಳೆಗಳನ್ನು ಮಡಿಸಿ ನಡುವೆ ಹೊಲಿದರೆ 16 ಪುಟದ ಪುಸ್ತಕ ಆಗುತ್ತದೆ. ಕಥೆ ಇಷ್ಟೇ: ಒಂದು ಜರಿಹುಳಕ್ಕೆ ಕಾಲು ನೋವು. ಇಲಿ ಡಾಕ್ಟರು ಕೇಳುತ್ತಾರೆ, ‘ಯಾವ ಕಾಲು?’ ಜರಿಹುಳ ಹೇಳುತ್ತದೆ, ‘ಅದೇ ಮರೆತುಹೋಯ್ತು.’ ಡಾಕ್ಟರು ಪುಟ್ಟ ಸುತ್ತಿಗೆ ತೆಗೆದು ಒಂದೊಂದೇ ಮಂಡಿಗೆ ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ಟಕ್! ಒಂದು ಕಾಲು ಹಾರಿ ಡಾಕ್ಟರ ಕನ್ನಡಕ ಬಿತ್ತು. ಟಕ್! ಟೋಪಿ ಬಿತ್ತು. ಟಕ್! ಡಾಕ್ಟರೇ ಬಿದ್ದರು. ಮಗನಿಗೆ ಈ ಪುಟ ಎಷ್ಟು ಸಲ ಓದಿದರೂ ಸಾಲುತ್ತಿರಲಿಲ್ಲ. ‘ಇನ್ನೂ ಎಷ್ಟು ಕಾಲಿದೆ?’ ಅಂತ ಎಣಿಸುತ್ತಿದ್ದ. (ಅಂದ ಹಾಗೆ, ಜರಿಹುಳಕ್ಕೆ ಕಾಲಿನ ಜೋಡಿಗಳು ಬೆಸ ಸಂಖ್ಯೆಯಲ್ಲೇ ಇರುತ್ತವೆ. ಹಾಗಾಗಿ ಸರಿಯಾಗಿ ನೂರು ಕಾಲಿನ ಜರಿ ಸಿಗುವುದಿಲ್ಲ. ಸ್ವಲ್ಪ ದೊಡ್ಡ ಮಕ್ಕಳಿಗೆ ಇದನ್ನು ಹೇಳಿ ನೋಡಿ, ಕಣ್ಣರಳಿಸುತ್ತಾರೆ.)

ಇದರಲ್ಲಿ ರೋಗಿಯನ್ನು ನೋಡಿ ಯಾರೂ ನಗುವುದಿಲ್ಲ. ಪಾಡು ಪಡುವುದು ಡಾಕ್ಟರು. ಸಣ್ಣ ಮಗುವಿಗೆ ಆಸ್ಪತ್ರೆಯಲ್ಲಿ ಎಲ್ಲರೂ ತನಗಿಂತ ದೊಡ್ಡವರು, ಎಲ್ಲರ ಕೈಯಲ್ಲೂ ಏನಾದರೊಂದು ಇರುತ್ತದೆ. ಅಂಥ ದೊಡ್ಡವರು ಪುಸ್ತಕದಲ್ಲಿ ದೊಪ್ಪನೆ ಬಿದ್ದರೆ ಮಗುವಿಗೆ ಎಷ್ಟು ಹಗುರ ಆಗುತ್ತದೆ, ಅಲ್ವಾ? ಜೊತೆಗೆ ಸುತ್ತಿಗೆಯ ಕೆಲಸ ಪೂರ್ತಿ ನಿಜ. ಮಂಡಿಯ ಕೆಳಗೆ ತಟ್ಟಿದಾಗ ಕಾಲು ತಾನಾಗಿ ಹಾರುತ್ತದೆ. ಅದಕ್ಕೆ ಅಪ್ಪಣೆ ಕೊಡುವುದು ಬೆನ್ನುಹುರಿ, ಮಿದುಳಿನ ತನಕ ಕೇಳಲು ಹೋಗುವುದೇ ಇಲ್ಲ.

ನಿಮ್ಮ ಚಿಂತೆಗೆ ನನ್ನ ಉತ್ತರವೂ ಇದೇ. ಪ್ರಾಣಿಗಳು ಎಷ್ಟು ಬೇಕಾದರೂ ವಿಚಿತ್ರ ಇರಲಿ, ಡಾಕ್ಟರು ಮಾಡುವ ಕೆಲಸ ಮಾತ್ರ ನಿಜ ಇರಬೇಕು. ಜಿರಾಫೆಯ ಗಂಟಲು ನೋಡಲು ಡಾಕ್ಟರು ಏಣಿ ಹತ್ತಲಿ, ಮಗು ಅದನ್ನು ನಂಬುವುದಿಲ್ಲ, ಸುಮ್ನೆ ನಗುತ್ತದೆ. ಆದರೆ ಜಿರಾಫೆ ‘ಆ...’ ಅನ್ನಲೇಬೇಕು. ಹಾಗಂದಾಗ ಅಂಗುಳಿನ ಹಿಂಭಾಗ ಮೇಲೇರಿ ಗಂಟಲು ಕಾಣುತ್ತದೆ. ನಾಳೆ ಇವಳಿಗೂ ಡಾಕ್ಟರು ‘ಆ ಅನ್ನು’ ಅಂದಾಗ ಅದು ಗೊತ್ತಿರುವ ಆಟವಾಗಿರುತ್ತದೆ.

ಸೂಜಿಯ ಪುಟವೇ ಕಷ್ಟದ್ದು. ಅಲ್ಲಿ ‘ನೋವೇ ಆಗಲಿಲ್ಲ!’ ಅಂತ ಬರೆದಿದ್ದರೆ ದಯವಿಟ್ಟು ಹಾಗೆ ಓದಬೇಡಿ. ಓದುವಾಗಲೇ ಮಾತು ಬದಲಾಯಿಸಿ: ‘ಚುರ್ ಅಂತು. ಆನೆಮರಿ ಅತ್ತಿತು. ಆಮೇಲೆ ಮನೆಗೆ ಹೋಯಿತು.’ ಅಳುವುದಕ್ಕೂ ಪುಸ್ತಕದಲ್ಲಿ ಜಾಗ ಇರಲಿ. ಲಸಿಕೆಯ ನೋವು ಕಡಿಮೆ ಮಾಡುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆ ಹಾಕುವವರಿಗೆ ಸಲಹೆ ಕೊಟ್ಟಿತು. ‘ಒಂದೇ ಕ್ಷಣ ನೋವು’ ಎಂಬಂಥ ಸುಳ್ಳು ಸಮಾಧಾನವನ್ನೂ ಹೇಳಬೇಡಿ, ‘ಈಗ ಚುಚ್ಚುತ್ತೆ’ ಅಂತ ಹೆದರಿಸಲೂ ಬೇಡಿ ಅನ್ನುತ್ತದೆ ಅದು. ಮನೆಯವರಿಗೂ ಅದೇ ಸರಿ ಅಂತ ನನ್ನ ನಂಬಿಕೆ. ‘ಮಲಗದಿದ್ದರೆ ಸೂಜಿ ಹಾಕಿಸ್ತೀನಿ’ ಅಂತ ಮನೆಯಲ್ಲಿ ಯಾರಾದರೂ ಗದರಿಸುವ ರೂಢಿ ಇದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಆ ಒಂದು ಮಾತಿನ ಮುಂದೆ ಹತ್ತು ಪುಸ್ತಕಗಳೂ ಸೋಲುತ್ತವೆ.

ಈ ವಯಸ್ಸಿನ ಮಕ್ಕಳು ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳುತ್ತಾರೆ. ‘ಡಾಕ್ಟರು ಎದೆ ಬಡಿಯೋದು ಕೇಳ್ತಾರೆ’ ಅಂದಾಗ ಮಗ ಕೇಳಿದ್ದ, ‘ಯಾರು ಬಡೀತಾರೆ?’ ಇನ್ನೊಂದು ಸಲ ‘ರಕ್ತ ತೆಗೀತಾರೆ’ ಅಂದೆ. ‘ಎಲ್ಲಾನಾ?’ ಅಂದ, ಮುಖ ಬಿಳಿಚಿಕೊಂಡಿತ್ತು. ಅಂದಿನಿಂದ ‘ಒಂದು ಚಮಚಕ್ಕಿಂತ ಸ್ವಲ್ಪ ಕಡಿಮೆ, ಮತ್ತೆ ಒಳಗೇ ಹೊಸದು ಆಗುತ್ತೆ’ ಅಂತ ಬಿಡಿಸಿ ಹೇಳುವುದು ಅಭ್ಯಾಸವಾಯಿತು. ಪುಸ್ತಕದಲ್ಲಿ ಇಂಥ ಮಾತು ಬಂದಾಗ ನಿಲ್ಲಿಸಿ, ‘ಏನು ಅಂದುಕೊಂಡೆ?’ ಅಂತ ಅವಳನ್ನೇ ಕೇಳಿ. ಎಲ್ಲಿ ಹೆದರಿದ್ದಾಳೆ ಅನ್ನುವುದು ಆಗಲೇ ಹೊರಬರುತ್ತದೆ. ನಾವು ಸೂಜಿ ಅಂದುಕೊಂಡಿರುತ್ತೇವೆ, ಅವಳ ಭಯ ಆ ತಣ್ಣನೆಯ ಸ್ಟೆತಸ್ಕೋಪಿನದ್ದಾಗಿರಬಹುದು.

ಸ್ಟೆತಸ್ಕೋಪಿಗೆ ಒಂದು ಒಳ್ಳೆಯ ಆಟವಿದೆ. 1816ರಲ್ಲಿ ಫ್ರಾನ್ಸಿನ ಡಾಕ್ಟರು ರೆನೆ ಲೆನೆಕ್ ಕಾಗದವನ್ನು ಕೊಳವೆಯ ಹಾಗೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದರು. ಸ್ಟೆತಸ್ಕೋಪ್ ಹುಟ್ಟಿದ್ದು ಅಲ್ಲಿಂದ. ನೀವೂ ಒಂದು ಕಾಗದ ಸುತ್ತಿ ಕೊಡಿ. ಅವಳು ಡಾಕ್ಟರು, ನೀವು ರೋಗಿ. ಅವಳಿಗೆ ‘ಡುಬ್ ಡುಬ್’ ಕೇಳಿಸಿದಾಗ ಮುಖ ನೋಡಬೇಕು! ನೀವು ಹೆದರಿದ ಹಾಗೆ ಮಾಡಿದರೆ ಅವಳೇ ಸಮಾಧಾನ ಮಾಡುತ್ತಾಳೆ. ಎಷ್ಟೋ ದೇಶಗಳಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಇದನ್ನೇ ‘ಟೆಡ್ಡಿ ಬೇರ್ ಆಸ್ಪತ್ರೆ’ ಅಂತ ನಡೆಸುತ್ತಾರೆ. ಮಕ್ಕಳು ತಮ್ಮ ಗೊಂಬೆಯನ್ನು ರೋಗಿಯಾಗಿ ಕರೆತರುತ್ತಾರೆ.

ಇನ್ನು ಸಮಯ. ಹೋಗುವ ದಿನ ಬೆಳಿಗ್ಗೆ ಅವಸರದಲ್ಲಿ ಮೊದಲ ಸಲ ಓದಬೇಡಿ. ಇವತ್ತೇ ಶುರು ಮಾಡಿ, ಬೇಡ ಅಂದ ದಿನ ಬಿಟ್ಟುಬಿಡಿ. ಅಲ್ಲಿ ಅತ್ತರೆ ಪುಸ್ತಕ ಸೋತಿತು ಅಂದುಕೊಳ್ಳಬೇಡಿ. ನನ್ನ ಮಗನೂ ಅತ್ತ, ಆದರೆ ಬಾಗಿಲಲ್ಲಿ ಅಲ್ಲ, ಚುಚ್ಚಿದಾಗ ಮಾತ್ರ.

ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಆರು ವರ್ಷದೊಳಗಿನ ಮಕ್ಕಳ ಗಮನವನ್ನು ಬೇರೆ ಕಡೆ ಸೆಳೆಯುವುದು ಒಳ್ಳೆಯದು ಅಂತ ಅದೇ 2015ರ ಸಲಹೆಯಲ್ಲಿದೆ. ಮಲಗಿಸದೆ ನೆಟ್ಟಗೆ ತೊಡೆಯ ಮೇಲೆ ಕೂರಿಸಿಕೊಳ್ಳಿ. ಸರದಿ ಕಾಯುವಾಗ ಪೂರ್ತಿ ಓದಿ ಮುಗಿಸಬೇಡಿ. ಅವಳಿಗೆ ಜಾಸ್ತಿ ನಗು ಬರುವ ಪುಟವನ್ನು ನರ್ಸ್ ಹತ್ತಿರ ಬರುವ ತನಕ ಉಳಿಸಿಡಿ.