ಚಿಪ್ಪುಹಂದಿಗೆ ರೆಕ್ಕೆ ಬರೆದ್ರೆ ತಪ್ಪೇನು ಸ್ವಾಮಿ?

ದಾವಣಗೆರೆಯ ಹಿರಿಯ ಓದುಗರೊಬ್ಬರು ಸ್ವಲ್ಪ ಖಾರವಾಗೇ ಪತ್ರ ಬರ್ದಿದಾರೆ. ನಮ್ಮ ಪತ್ರಿಕೆಯ ಹೋದ ಸಂಚಿಕೆಯಲ್ಲಿ ಮಲೆನಾಡಿನ ಕಲಾವಿದೆಯೊಬ್ಬರ ಚಿತ್ರಗಳು ಬಂದಿದ್ವಲ್ಲ, ಬೆನ್ನ ಮೇಲೆ ಅಣಬೆ ಎದ್ದಿರೋ ಕಪ್ಪೆ, ಜರೀಗಿಡದ ಬಾಲದ ಕಬ್ಬೆಕ್ಕು, ರೆಕ್ಕೆ ಇರೋ ಚಿಪ್ಪುಹಂದಿ, ಅವು ಅವರಿಗೆ ಸರಿಬಂದಿಲ್ಲ. "ಇರೋ ಪ್ರಾಣಿನ ನೆಟ್ಟಗೆ ಬರೆಯೋಕೆ ಬಾರದವರು ಇಂಥದ್ದನ್ನ ಬರೀತಾರೆ, ಅದಕ್ಕೆ ನಾಲ್ಕು ಪುಟ ದಂಡ, ನನ್ನ ಮೊಮ್ಮಗ ಈಗ ಹಸುವಿಗೂ ರೆಕ್ಕೆ ಹಚ್ಚಿ ಕೂತಿದಾನೆ" ಅಂತಾರೆ.

ಸ್ವಾಮಿ, ಮೊಮ್ಮಗನ್ನ ಬೈಯೋ ಮುಂಚೆ ದೇವರ ಕೋಣೆಯ ಕಾಮಧೇನು ಪಟ ಒಂದ್ಸಲ ನೋಡಿ ಬನ್ನಿ. ರೆಕ್ಕೆ ಇದೆಯಲ್ಲ?

ನಿಮ್ಮ ಮಾತು ಪೂರ್ತಿ ಸುಳ್ಳು ಅಂತಲ್ಲ. ಫೋನಲ್ಲಿ ಕಂಡಿದ್ದನ್ನ ಕಾಪಿ ಹೊಡೆದು, ಎರಡು ದೊಡ್ಡ ಕಣ್ಣಿಟ್ಟು ಕ್ಯೂಟ್ ಅಂತ ಮಾರೋರು ಬೇಕಾದಷ್ಟು ಜನ ಇದಾರೆ. ಒಪ್ಪಿದೆ. ಆದ್ರೆ ಆ ಚಿಪ್ಪುಹಂದಿ ಪುಟ ಇನ್ನೊಂದ್ಸಲ ತೆಗೀರಿ. ರೆಕ್ಕೆ ಭುಜದಿಂದ ಹೊರಟಿಲ್ಲ, ಪಕ್ಕೆಯಿಂದ ಹೊರಟಿದೆ, ಮುಂಗಾಲೆರಡೂ ಗೆದ್ದಲ ಹುತ್ತ ಕೆರೆಯೋ ಉಗುರು ಸಮೇತ ಹಾಗೇ ಇವೆ. ನಮ್ಮ ಅಡಿಕೆ ತೋಟಗಳ ಹಾರುವ ಓತಿಗೆ ಇರೋದೂ ಹೀಗೇನೆ, ಉದ್ದ ಬೆಳೆದ ಪಕ್ಕೆಲುಬುಗಳ ಮೇಲೆ ಚರ್ಮ, ಹಾರುವಾಗ ಕೊಡೆ ಥರ ಬಿಚ್ಚಿ ಆಮೇಲೆ ಮೈಗೆ ಮಡಚ್ಕೊಳ್ಳೋದು. ಆ ಹುಡುಗಿ ತೋಟದಲ್ಲಿ ಕತ್ತೆತ್ತಿ ನಿಂತು ನೋಡದೆ ಆ ರೆಕ್ಕೆ ಬರೆಯೋಕೆ ಆಗ್ತಿರಲಿಲ್ಲ. ಇಲ್ಲದ ಪ್ರಾಣಿ ಬರೆಯೋರು ಇರೋ ಪ್ರಾಣಿಗಳನ್ನ ನಮಗಿಂತ ಹೆಚ್ಚು ನೋಡಿರ್ತಾರೆ ಅನ್ನೋದು ನನ್ನ ಹಳೇ ಹಟ, ನೀವು ಕೆಣಕಿದೀರಿ, ಈಗ ಕೇಳ್ಲೇಬೇಕು.

ನೋಡದೇ ಬರೆದ 'ನಿಜವಾದ' ಪ್ರಾಣಿ ಕಥೆ ಗೊತ್ತಾ? 1515ರಲ್ಲಿ ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಒಂದು ಘೇಂಡಾಮೃಗ ಹಡಗಲ್ಲಿ ಲಿಸ್ಬನ್ ಸೇರ್ತು. ಜರ್ಮನಿಯ ಚಿತ್ರಕಾರ ಡ್ಯೂರರ್ ಅದನ್ನ ಕಣ್ಣಲ್ಲಿ ಕಂಡಿಲ್ಲ, ಯಾರೋ ಕಳಿಸಿದ ವಿವರ, ಒಂದು ಸ್ಕೆಚ್ಚು ಇಟ್ಕೊಂಡು ಮರದ ಅಚ್ಚು ಕೆತ್ತಿಸಿದ, ಮೈಗೆ ಲೋಹದ ಕವಚ, ಬೆನ್ನ ಮೇಲೆ ಇನ್ನೊಂದು ಪುಟ್ಟ ಕೊಂಬು. ಯುರೋಪು ಇನ್ನೂರು ವರ್ಷಕ್ಕೂ ಮೇಲೆ ಘೇಂಡಾಮೃಗ ಅಂದ್ರೆ ಅದೇ ಅಂತ ನಂಬ್ಕೊಂಡಿತ್ತು!

ಇನ್ನೊಂದು ಕಡೆ ಇಂಗ್ಲೆಂಡಿನ ಬೀಟ್ರಿಕ್ಸ್ ಪಾಟರ್. ಮಕ್ಕಳ ಕಥೆ ಪುಸ್ತಕದಲ್ಲಿ ಮೊಲಕ್ಕೆ ನೀಲಿ ಕೋಟು ಹಾಕಿದ ಹೆಣ್ಣುಮಗಳು, ಮಕ್ಕಳಾಟ ಅಂತ ನೀವು ಪಕ್ಕಕ್ಕಿಡ್ತೀರಿ. ಆಕೆ ಚಿಕ್ಕವಳಿದ್ದಾಗ್ಲೇ ತಮ್ಮನ ಜೊತೆ ಮೊಲ, ಬಾವಲಿ ಸಾಕ್ಕೊಂಡು, ಸತ್ತ ಪ್ರಾಣಿಗಳ ಮೂಳೆ ಜೋಡಿಸಿ ಚಿತ್ರ ಬರೀತಿದ್ದಳು. ಆಮೇಲೆ ಅಣಬೆ ಹಿಂದೆ ಬಿದ್ದು ನೂರಾರು ಚಿತ್ರ ಮಾಡಿದಳು. ಅಣಬೆ ಬೀಜಾಣು ಮೊಳೆಯೋದರ ಬಗ್ಗೆ ಆಕೆಯ ಪ್ರಬಂಧ 1897ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಅನ್ನೋ ಜೀವವಿಜ್ಞಾನಿಗಳ ಸಂಘಕ್ಕೆ ಹೋಯ್ತು, ಆದ್ರೆ ಹೆಂಗಸರಿಗೆ ಆ ಸಭೆಗೆ ಪ್ರವೇಶ ಇರಲಿಲ್ಲ, ಆಕೆ ಹೋಗೋ ಹಾಗಿರಲಿಲ್ಲ. ಮೊಲದ ಪುಸ್ತಕವನ್ನ ಪ್ರಕಾಶಕರು ಬೇಡ ಅಂದಾಗ 1901ರಲ್ಲಿ ಕೈಯಿಂದ ದುಡ್ಡು ಹಾಕಿ 250 ಪ್ರತಿ ಅಚ್ಚು ಹಾಕಿಸಿದಳು. ಇವತ್ತಿನ ಭಾಷೇಲಿ ಹೇಳೋದಾದ್ರೆ ಇಂಡಿಪೆಂಡೆಂಟ್ ಆರ್ಟಿಸ್ಟ್. ಆಕೆಯ ಅಣಬೆ ಚಿತ್ರಗಳು 1967ರಲ್ಲಿ ಅಣಬೆ ಗುರುತಿಸೋ ಒಂದು ಪುಸ್ತಕದಲ್ಲೇ ಬಂದ್ವು. ಹಂಗಾಗಿ ಕೋಟು ಹಾಕಿದ್ರೂ ಆ ಮೊಲ ಮೊಲಾನೇ.

ಅಷ್ಟು ದೂರ ಯಾಕೆ, ಹಳೇಬೀಡಿಗೆ ಹೋಗಿ. ಮಕರ ಅಂತ ಗೈಡ್ ತೋರಿಸ್ತಾರೆ, ಮೊಸಳೆ ಬಾಯಿ, ಆನೆ ಸೊಂಡಿಲು, ಸಿಂಹದ ಕಾಲು, ಹಂದಿ ಮೈ, ನವಿಲು ಬಾಲ. ಬೇಲೂರಲ್ಲಿ ಜಿಂಕೆನ ಹೆಬ್ಬಾವು, ಹೆಬ್ಬಾವನ್ನ ಆನೆ, ಆನೆನ ಸಿಂಹ, ಸಿಂಹನ ಶರಭ ಅನ್ನೋ ಪುರಾಣದ ಮೃಗ, ಶರಭನ ಗಂಡಭೇರುಂಡ ಹಿಡಿದಿರೋ ಶಿಲ್ಪ ಇದೆ. ಎರಡು ತಲೆಯ ಹಕ್ಕಿನ ಸರ್ಕಾರಿ ಲಾಂಛನದಲ್ಲಿ ಕೂರಿಸ್ಕೊಂಡ ನಾಡಿನವರು ನಾವು, ಒಂದು ಕಪ್ಪೆಯ ಅಣಬೆಗೆ ಬೇಜಾರಾದ್ರೆ ಹೇಗೆ?

ಇನ್ನೊಂದು ವಿಷಯ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿದಾರೆ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ರಾಜರ ಕಾಲದಲ್ಲೇ ಕಲಾವಿದನ ಹೆಸರಿಗೆ ಜಾಗ ಇತ್ತು. ಈಗ ನಾವು ಮಾಡೋದೇನು, ಚಿತ್ರ ಚೆನ್ನಾಗಿದೆ ಅಂತ ಡೌನ್‌ಲೋಡ್ ಮಾಡಿ, ಮೂಲೇಲಿರೋ ಸಹಿ ಕ್ರಾಪ್ ಮಾಡಿ, ಶುಭೋದಯ ಅಂತ ಬರೆದು ಎಲ್ಲಾ ಗ್ರೂಪಿಗೂ ಕಳಿಸೋದು. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ನನ್ನ ಕಣ್ಣೆದುರೇ ನಡೀತು, ಒಬ್ರು ದೊಡ್ಡ ಮನುಷ್ಯರು ಕೈಯಲ್ಲೇ ಬಣ್ಣ ಹಾಕಿದ ನೂರು ರೂಪಾಯಿ ಬುಕ್‌ಮಾರ್ಕಿಗೆ ಅರ್ಧ ರೇಟು ಕೇಳಿದ್ರು, ಹುಡುಗ ಇಲ್ಲ ಅಂದ, "ಇರ್ಲಿ ಬಿಡು, ಮಗಳ ಹತ್ರ ಬರೆಸ್ಕೋತೀನಿ" ಅಂತ ಫೋನಲ್ಲಿ ಫೋಟೋ ಹೊಡ್ಕೊಂಡು ಹೋದ್ರು. ಕೈಯಲ್ಲಿ ಇನ್ನೂರು ರೂಪಾಯಿ ಕಾಫಿ ಕಪ್ಪು ಇತ್ತು. ಮಗಳಾದ್ರೂ ಎಲ್ಲಿ ಕಲೀಬೇಕು, ಸ್ಕೂಲಲ್ಲಿ ಡ್ರಾಯಿಂಗ್ ಪಿರಿಯಡ್ಡು ಗಣಿತದ ಮೇಷ್ಟ್ರ ಪಾಲು, ಉಳಿದ ದಿನ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ. ಇದರ ಮೇಲೆ ಈಗ ಎಐ, ಒಂದು ಸಾಲು ಟೈಪ್ ಮಾಡಿದ್ರೆ ನೂರು ಕಪ್ಪೆ ಬರುತ್ತೆ, ಬೆರಳು ಎಷ್ಟಿವೆ ಅಂತ ಎಣಿಸೋರು ಯಾರು? ಕಪ್ಪೆಯ ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಐದು. ನಮ್ಮ ಹುಡುಗಿ ಸರಿಯಾಗಿ ಬರ್ದಿದಾಳೆ, ನೋಡ್ಕೊಳ್ಳಿ.

ಚಂದಾ ನಿಲ್ಲಿಸ್ತೀನಿ ಅಂತ ಕೊನೇಲಿ ಹೆದರಿಸಿದೀರಿ. ನಿಲ್ಲಿಸಬೇಡಿ ಸ್ವಾಮಿ. ನಾವು ಆಕೆಗೆ ಕೊಟ್ಟ ಸಂಭಾವನೆ ಬಣ್ಣ, ಪೇಪರ್ ಖರ್ಚು ಕಳೆದ್ರೆ ಏನೂ ಉಳಿಯಲ್ಲ ಅಂತ ಗೊತ್ತು, ಅಷ್ಟಾದ್ರೂ ಕೊಡೋದು ನಿಮ್ಮ ಚಂದಾದಿಂದಾನೇ, ಮತ್ತೆ ಮುಂದಿನ ಸಂಚಿಕೆಗೆ ಇನ್ನೂ ಎರಡು ಪುಟ ಬರೆಸಿ ಆಗಿದೆ.