ಹೊತ್ತೊಯ್ಯುವ ಟೆಲಿಸ್ಕೋಪಿಗೆ ಯಾವ ಎಫ್ ಸಂಖ್ಯೆ?

ಪ್ರಶ್ನೆ: ಕತ್ತಲಿರುವ ಕಡೆ ಹೊತ್ತೊಯ್ದು ಆಕಾಶ ನೋಡಲು ಒಂದು ರಿಫ್ಲೆಕ್ಟರ್ (ಕನ್ನಡಿಯಿಂದ ಬೆಳಕು ಹಿಡಿಯುವ) ಟೆಲಿಸ್ಕೋಪ್ ಕೊಳ್ಳಬೇಕು. ಎಫ್/4, ಎಫ್/5, ಎಫ್/8 ಎಂದೆಲ್ಲ ಇವೆ. ಯಾವುದು ಒಳ್ಳೆಯದು?

ಉತ್ತರ: ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ನಿಮಗೆ ಎಫ್/5 ಸರಿ. ಕನ್ನಡಿಯ ಫೋಕಲ್ ದೂರವನ್ನು, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರವನ್ನು, ಕನ್ನಡಿಯ ಅಗಲದಿಂದ ಭಾಗಿಸಿದರೆ ಸಿಗುವುದೇ ಈ ಸಂಖ್ಯೆ. 150 ಮಿ.ಮೀ. ಕನ್ನಡಿ ಎಫ್/8 ಆದರೆ ಫೋಕಲ್ ದೂರ 1200 ಮಿ.ಮೀ., ಕೊಳವೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಎಫ್/5 ಆದರೆ 750. ಹೊತ್ತು ತಿರುಗುವವರಿಗೆ ಇದು ದೊಡ್ಡ ವ್ಯತ್ಯಾಸ, ಅಲ್ವಾ?

ಎಫ್/4 ಇನ್ನೂ ಗಿಡ್ಡ, ಆದರೆ ಕಾಟ ಜಾಸ್ತಿ. ನೋಟದ ಅಂಚಿನಲ್ಲಿ ನಕ್ಷತ್ರಗಳಿಗೆ ಬಾಲ ಮೂಡುತ್ತದೆ, ಇದಕ್ಕೆ ಕೋಮಾ ಎನ್ನುತ್ತಾರೆ. ಕೊಳವೆಯೊಳಗಿನ ಎರಡು ಕನ್ನಡಿಗಳ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಕೆಡುತ್ತದೆ, ಪ್ರಯಾಣದ ಕುಲುಕಾಟದಲ್ಲಿ ಅದು ತಪ್ಪುತ್ತಲೇ ಇರುತ್ತದೆ. ಅಗ್ಗದ ಐಪೀಸ್‌ಗಳೂ (ಕಣ್ಣಿಟ್ಟು ನೋಡುವ ಮಸೂರಗಳು) ಇದಕ್ಕೆ ಒಗ್ಗುವುದಿಲ್ಲ.

ಗ್ರಹ ನೋಡಲು ಎಫ್/8 ಬೇಕೇ ಬೇಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 130 ಮಿ.ಮೀ. ಎಫ್/5 ತೆಗೆದುಕೊಳ್ಳಿ, ಫೋಕಲ್ ದೂರ 650. ಅದನ್ನು ಐಪೀಸಿನ ಮಿ.ಮೀ.ನಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಸಿಗುತ್ತದೆ. 25 ಮಿ.ಮೀ. ಐಪೀಸ್ ಹಾಕಿದರೆ 26 ಪಟ್ಟು, ಕೃತ್ತಿಕೆಯ ಮುಖ್ಯ ನಕ್ಷತ್ರಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ, 5 ಮಿ.ಮೀ. ಹಾಕಿದರೆ 130 ಪಟ್ಟು, ಗುರುವಿನ ಪಟ್ಟೆ ಕಾಣುತ್ತದೆ, ಶನಿಯ ಬಳೆಯೂ ಕಾಣುತ್ತದೆ. ಆ ಬಳೆಯನ್ನು ಮೊದಲ ಸಲ ನೋಡುವ ಖುಷಿಯೇ ಬೇರೆ!

ಕೊಳ್ಳುವ ಮುನ್ನ ಒಂದು ಮಾತು ಕೇಳಲೇಬೇಕು: ಕನ್ನಡಿ ಪ್ಯಾರಾಬೋಲಿಕ್ (ನಕ್ಷತ್ರದ ಬೆಳಕನ್ನೆಲ್ಲ ಒಂದೇ ಚುಕ್ಕಿಗೆ ತರುವ ಬಾಗಿನದು) ತಾನೆ? ಎಫ್/5ರಲ್ಲಿ ಗೋಳದ ಬಾಗಿನ ಕನ್ನಡಿ ಇದ್ದರೆ ಎಷ್ಟು ಫೋಕಸ್ ಮಾಡಿದರೂ ನಕ್ಷತ್ರ ಚುಕ್ಕಿಯಾಗುವುದಿಲ್ಲ. ಸ್ಟ್ಯಾಂಡನ್ನೂ ಅಲುಗಾಡಿಸಿ ನೋಡಿ. ನಡುಗುವ ಸ್ಟ್ಯಾಂಡ್ ಮೇಲೆ ಎಂಥ ಕನ್ನಡಿಯಿದ್ದರೂ ಕೆಲಸಕ್ಕೆ ಬಾರದು.